ಮೀನಿಗೂ ಗಾಳಿ ಹಾಕಬೇಕೆ?

ಅಡುಗೆಮನೆಯ ಅಟ್ಟದಲ್ಲಿ ಹಳೆಯ ಮಿಕ್ಸಿ ಜಾರಿಗಾಗಿ ತಡಕಾಡುತ್ತಿದ್ದಾಗ ಕೈಗೆ ಸಿಕ್ಕಿದ್ದು ಮೀನಿನ ತೊಟ್ಟಿಯ ಗಾಳಿ ಪಂಪು. ಸಾಬೂನು ಡಬ್ಬಿಯಷ್ಟೇ ಗಾತ್ರ, ನೀಲಿ ಬಣ್ಣ, ಬಾಲಕ್ಕೊಂದು ವೈರು, ಮೂತಿಗೊಂದು ತೆಳು ಕೊಳವೆ. ಇಂಥ ಬಡಪಾಯಿ ವಸ್ತು ಒಂದು ಮನೆಯ ನೆಮ್ಮದಿಯನ್ನು ತಿಂಗಳುಗಟ್ಟಲೆ ತಿಂದಿತ್ತು ಎಂದರೆ ನೀವು ನಂಬುವುದಿಲ್ಲ. ಜಾರು ಸಿಗಲಿಲ್ಲ, ಚಟ್ನಿಯೂ ಆಗಲಿಲ್ಲ. ಪಂಪಿನ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿ ನೋಡುತ್ತ ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ಆಮೇಲೆ ಗೊತ್ತಾಯಿತು.

ಮನೆಯ ಮೀನಿನ ತೊಟ್ಟಿಗೆ ಗಾಳಿ ಪಂಪು ಬೇಕೇ ಬೇಡವೇ? ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಳ್ಳದೆ ಬದುಕು ಮುಗಿಸುವವರೇ ಲೋಕದಲ್ಲಿ ಹೆಚ್ಚು. ನಾನೂ ಆ ಪುಣ್ಯವಂತರ ಸಾಲಿನಲ್ಲೇ ಇದ್ದವಳು. ಇರುವುದು ಪಾಂಡವಪುರ, ಗಣಿತ ಪಾಠ ಮಾಡುವುದು ನಾಗಮಂಗಲದಾಚೆಯ ಒಂದು ಹೈಸ್ಕೂಲಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಬೀಜಗಣಿತ. ಬಸ್ಸಿನಲ್ಲಿ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ, ಇಳಿಯುವ ಜಾಗ ಬಂದಾಗ ತಾನಾಗಿ ತೆರೆಯುತ್ತದೆ. ಒಮ್ಮೆ ತೆರೆಯದೆ ನಾನು ಮುಂದಿನ ಊರಿನ ಹಾಲಿನ ಡೇರಿಯ ಮುಂದೆ ಇಳಿದೆ; ನನ್ನದೇ ಹಳೇ ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಕರೆತಂದು ಬಿಟ್ಟ. 'ಇವತ್ತು ಮಿಸ್ಸು ಲೇಟು' ಎಂದು ಮಕ್ಕಳು ಕುಣಿದರು. ಆಯಾಸ ಎನ್ನುವುದು ನನಗೆ ಕಾಯಿಲೆಯಲ್ಲ, ಹೆಸರಿನ ಮುಂದಿನ ಇನಿಶಿಯಲ್ಲು ಇದ್ದ ಹಾಗೆ.

ಇನ್ನು ಇವರು. ಇವರು ಎಂದರೆ ನಮ್ಮ ಯಜಮಾನರು, ಊರಿಗೆಲ್ಲ ನಂಜುಂಡಾಚಾರ್ರು. ಬಡಗಿ ಕೆಲಸ. ಈ ಊರಿನಲ್ಲಿ ಎಷ್ಟೋ ಮನೆಗಳ ಬಾಗಿಲು ಇವರು ಮಾಡಿದ್ದು. ಬಾಗಿಲು ಮಾಡುವಷ್ಟೇ ಹೊತ್ತು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಮಂಚ ಮಾಡಿಸಲು ಬಂದವರು ಮಂಚದ ವಿಷಯಕ್ಕೆ ಬರುವಷ್ಟರಲ್ಲಿ ಮಗಳ ಮದುವೆ, ಅಣ್ಣತಮ್ಮಂದಿರ ಭಾಗ, ಕಬ್ಬಿನ ಕಟಾವು ಎಲ್ಲ ಮುಗಿದಿರುತ್ತಿತ್ತು. 'ನಿಮ್ಮ ಬಾಯಿಗೂ ಒಂದು ಹತ್ತರಿ ಹೊಡೀಬೇಕು, ಸ್ವಲ್ಪ ನಯ ಆಗುತ್ತೆ' ಎಂದು ನಾನು ಗೊಣಗಿದರೆ, 'ನಂ ಮಾತೇ ನಂ ಬೋರ್ಡು ಕಣೇ' ಅನ್ನುತ್ತಿದ್ದರು. ಅಂಗಡಿಗೆ ನಿಜವಾಗಿಯೂ ಬೋರ್ಡು ಇರಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಲಕ್ವ ಹೊಡೆದಿದೆ ಎಂದು ನೆರೆಯವರು ಅಂದರು, ಅದನ್ನೇ ಮೈಸೂರಿನ ಆಸ್ಪತ್ರೆಯವರು ಉದ್ದ ಹೆಸರಿನಲ್ಲಿ ಅಂದರು. ಮನೆಗೆ ವಾಪಸು ಬಂದಾಗ ಬಲಗಾಲು ಎಳೆಯುತ್ತಿತ್ತು, ಉಳಿ ಹಿಡಿಯುವ ಬಲಗೈ ಬೇರೆ ಯಾರದೋ ಕೈಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನಾಲಿಗೆ ದಪ್ಪವಾಗಿತ್ತು. ತಲೆ ಮಾತ್ರ ಮೊದಲಿನಷ್ಟೇ ಚುರುಕು, ಅದೇ ಕಷ್ಟ. 'ಮಾತು ಬರುತ್ತೆ, ಆಡಿಸ್ಬೇಕು' ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬಂದ ಹೊಸದರಲ್ಲಿ ಹಳೇ ಗಿರಾಕಿಯೊಬ್ಬರು ನೋಡಲು ಬಂದರು. ಬಾಳೆಹಣ್ಣಿನ ಕವರು ಇಟ್ಟು, 'ಎಂಗಿದ್ದೀರಿ ಆಚಾರ್ರೆ?' ಎಂದು ಕೇಳಿದರು. ಇವರು ಬಾಯಿ ಓರೆ ಮಾಡಿಕೊಂಡು ಏನೋ ಹೇಳಿದರು. ಸಾಕಷ್ಟು ಉದ್ದವಾದ ಮಾತೇ. ಬಂದವರು ಪೂರ್ತಿ ಕೇಳಿ, ನನ್ನ ಕಡೆ ತಿರುಗಿ, 'ಏನಂದ್ರು?' ಎಂದರು. 'ನಿಮ್ಮ ಮನೆ ದೇವರಕೋಣೆ ಬಾಗಿಲು ಮಳೇಲಿ ಬಿಗಿ ಬರ್ತಾ ಇತ್ತಲ್ಲ, ಈಗ ಸರಿ ಇದೆಯಾ ಅಂತ ಕೇಳ್ತಿದಾರೆ' ಎಂದೆ. ಅವರು ನನಗೇ ಉತ್ತರ ಕೊಟ್ಟರು.

ಅಂದಿನಿಂದ ಇವರು ಬಾಯಿ ಮುಚ್ಚಿದರು. ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಬಂದವರೆಲ್ಲ ಇವರ ಎದುರೇ ನನ್ನನ್ನು ಕೇಳತೊಡಗಿದರು: 'ಊಟ ಮಾಡ್ತಾವ್ರಾ? ನಿದ್ದೆ ಬತ್ತದಾ?' ನಾನು ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಉತ್ತರ ಕೊಡುತ್ತಿದ್ದೆ. ಮೇಷ್ಟ್ರ ಬುದ್ಧಿ ನೋಡಿ, ಇದಕ್ಕೂ ಪಾಠವೇ ಮದ್ದು ಎಂದುಕೊಂಡು ಪಕ್ಕದ ಪ್ರೈಮರಿ ಶಾಲೆಯಿಂದ ಒಂದನೇ ತರಗತಿಯ ಪುಸ್ತಕ ತಂದು ಇವರ ಮುಂದೆ ಹಿಡಿದೆ. 'ಅರಸ' ಅನ್ನಿ, 'ಆಟ' ಅನ್ನಿ. ಇವರು ಪುಸ್ತಕವನ್ನು ಎಡಗೈಯಲ್ಲಿ ಇಸಿದುಕೊಂಡು, ಒಂದು ಸಲ ನೋಡಿ, ಕಿಟಕಿಯಿಂದ ಆಚೆ ಎಸೆದರು. ಎಡಗೈ ಚೆನ್ನಾಗಿದೆ ಎನ್ನುವುದೊಂದು ಗೊತ್ತಾಯಿತು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಕೊಟ್ಟ ರಬ್ಬರು ಚೆಂಡೂ ಮಂಚದ ಕೆಳಗೆ ಸೇರಿತು.

ಹೀಗಿರುವಾಗ ಕೆ.ಆರ್. ಪೇಟೆಯಿಂದ ಮೀನಿನ ತೊಟ್ಟಿ ಬಂತು.

ಅಲ್ಲಿ ನಮ್ಮ ಮಗಳು ಶ್ರೀದೇವಿ ಇದ್ದಾಳೆ. ಗಂಡನದು ಹಾರ್ಡ್‌ವೇರ್ ಅಂಗಡಿ. ಅವಳ ಮಗ ಹಟ ಮಾಡಿ ತೊಟ್ಟಿ ತರಿಸಿಕೊಂಡು, ಮುಂದಿನ ಹಬ್ಬ ಬರುವುದರೊಳಗೆ ಅದನ್ನು ಮರೆತಿದ್ದ; ಕೊನೆಗೆ ಮನೆಯವರು ಅದರಲ್ಲಿ ಈರುಳ್ಳಿ ತುಂಬಿಟ್ಟಿದ್ದರು. 'ಅಪ್ಪ ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರಲ್ಲಮ್ಮ, ಮೀನಾದ್ರೂ ನೋಡ್ಲಿ' ಎಂದು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತಾನೇ ಬಂದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಡ, ಶಾಲೆ, ಬಸ್ಸು, ಅಡುಗೆ, ಇವುಗಳ ಜೊತೆಗೆ ಈಗ ಮೀನಿನ ಚಾಕರಿ. ಈರುಳ್ಳಿ ವಾಸನೆ ಹೋಗಲು ನಾಲ್ಕಾರು ಸಲ ತೊಳೆದೆ. ಅದನ್ನು ಹಜಾರದಲ್ಲಿ, ಇವರು ಕೂರುವ ಕುರ್ಚಿಯ ಎದುರಿಗೆ, ಇವರೇ ಎಂದೋ ಮಾಡಿದ್ದ ಹಲಸಿನ ಮರದ ಮೇಜಿನ ಮೇಲಿಟ್ಟೆವು. ಇವರು ತೊಟ್ಟಿ ನೋಡಲಿಲ್ಲ. ಮೇಜಿನ ಕಾಲು ಅಲ್ಲಾಡುತ್ತದೆಯೇ ಎಂದು ನೋಡಿದರು. ಅಲ್ಲಾಡಲಿಲ್ಲ.

ಮೀನು ತಂದದ್ದು ಶ್ರೀರಂಗಪಟ್ಟಣದಿಂದ. ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲೇ ನಯಾಜ್ ಎನ್ನುವವರದೊಂದು ಪುಟ್ಟ ಅಂಗಡಿ. ಮುಂದೆ ಮೊಬೈಲ್ ಕವರು, ಹಿಂದೆ ಮೀನು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ನಮ್ಮ ಯಜಮಾನರ ಕಥೆ ಕೇಳಿ ಕಣ್ಣು ತುಂಬಿಕೊಂಡು, ಅದೇ ಕಣ್ಣಿನಲ್ಲಿ ನಮಗೆ ಒಂದು ರಾಶಿ ಗೋಲ್ಡ್ ಫಿಶ್ಶು ಮಾರಿದರು.

'ಇಷ್ಟೊಂದು ಬೇಕಾ?' ಎಂದೆ.

'ಅರೆ, ಆಚಾರ್ರು ದಿನಾ ನೋಡೋರು ಅಕ್ಕ. ಎರಡು ಮೀನಿದ್ರೆ ಏನ್ ನೋಡ್ತಾರೆ? ತುಂಬ್ಕೊಂಡಿರ್ಬೇಕು, ಕಳೆ ಕಳೆಯಾಗಿ. ಆಮ್ಯಾಕೆ ಈ ಪಂಪು. ಇದು ಬಿಲ್ಕುಲ್ ಬೇಕು. ಇದಿಲ್ದೆ ಮೀನು ಮಡಗಾಕಾಗಕ್ಕಿಲ್ಲ.'

'ಕೆರೆಯಲ್ಲಿ ಯಾರು ಪಂಪು ಇಟ್ಟಿದಾರೆ?'

'ಕೆರೆ ನಿಮ್ಮನೆ ಮೇಜಿನ ಮ್ಯಾಲೆ ಮಡಗಾಕಾಯ್ತದಾ, ಹೇಳಿ ಮತ್ತೆ.'

ಪಂಪೂ ಬಂತು. ನಾವು ಪಾಂಚಾಳದವರು, ಅಕ್ಕಸಾಲಿಗರ ಮನೆಗೆ ಹೆಣ್ಣು ಕೊಟ್ಟು ತಂದವರು. ಆದರೂ ನಮ್ಮ ಹಜಾರದಲ್ಲಿ ಅಷ್ಟೊಂದು ಚಿನ್ನ ಓಡಾಡಿದ್ದು ಅದೇ ಮೊದಲು.

ಈಗ ಪಂಪಿನ ಸದ್ದಿನ ವಿಷಯಕ್ಕೆ ಬರುತ್ತೇನೆ. ಸದ್ದುಗಳಲ್ಲಿ ಎರಡು ಜಾತಿ. ಒಂದು, ಕೆಲಸ ಮುಗಿಸಿ ಸುಮ್ಮನಾಗುವ ಸದ್ದು. ಕುಕ್ಕರಿನ ವಿಶಲ್ಲು, ಒಗ್ಗರಣೆ, ಇವರ ಅಂಗಡಿಯ ಗರಗಸ. ಕೇಳುವಾಗ ಕಿವಿ ನೋಯಬಹುದು, ಆದರೆ ಕೊನೆ ಇದೆ ಎಂದು ಮನಸ್ಸಿಗೆ ಗೊತ್ತಿರುತ್ತದೆ. ಇನ್ನೊಂದು, ಮುಗಿಯದ ಸದ್ದು. ಪಂಪಿನದು ಎರಡನೆಯದು. ಬುರ್‌ರ್‌ರ್ ಎಂದು, ಜೋರೂ ಅಲ್ಲ ಮೆಲ್ಲಗೂ ಅಲ್ಲ, ಮುಚ್ಚಿದ ಲೋಟದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಅದರ ಜೊತೆ ನೀರಿನ ಗುಳುಗುಳು. ಮೇಜು ಹಲಸಿನದಲ್ಲವೇ, ಗಟ್ಟಿ ಮರ, ಸದ್ದನ್ನು ತಂಬೂರಿಯ ಹಾಗೆ ಎತ್ತಿಕೊಡುತ್ತಿತ್ತು. ಕೆಳಗೆ ಸ್ಪಂಜು ಇಟ್ಟೆ, ಮಡಿಸಿದ ಗೋಣಿಚೀಲ ಇಟ್ಟೆ, ದಾರದಲ್ಲಿ ಕಟ್ಟಿ ತೂಗುಹಾಕಿದೆ. ತೂಗುಹಾಕಿದಾಗ ಸದ್ದು ಕಡಿಮೆಯಾಯಿತು, ಆದರೆ ಪಂಪು ತಾನಾಗಿ ತಿರುಗುತ್ತ ತಿರುಗುತ್ತ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿತು. ಅದರ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು.

ಗಾಳಿ ಊದುವುದು ನಮ್ಮ ವಂಶಕ್ಕೆ ಹೊಸದಲ್ಲ. ಬಿಂಡಿಗನವಿಲೆಯಲ್ಲಿ ನಮ್ಮ ತಾತ, ಅವ್ವನ ತಂದೆ, ಕುಲುಮೆ ನಡೆಸುತ್ತಿದ್ದರು. ಬೇಸಿಗೆ ರಜೆಗೆ ಹೋದರೆ ತಿದಿ ಒತ್ತುವ ಕೆಲಸ ನನಗೆ. ಗಂಡುಹುಡುಗರು ಕುರಿ ಹಿಂದೆ ಹೋಗಿಬಿಡುತ್ತಿದ್ದರು, ಉಳಿದವಳು ನಾನೊಬ್ಬಳು. ಚರ್ಮದ ತಿದಿ, ಮೇಕೆ ವಾಸನೆ, ಹಿಡಿಯ ಮರ ಅಂಗೈ ತಾಗಿ ತಾಗಿ ನುಣುಪು. ಒತ್ತಿದರೆ ಇದ್ದಿಲು ಕೆಂಪಗೆ ಕಣ್ಣು ಬಿಡುವುದು, ಬಿಟ್ಟರೆ ಮುಚ್ಚುವುದು. ನನಗೆ ಅವಸರ. ಜೋರಾಗಿ ಒತ್ತಿದರೆ ಬೇಗ ಮುಗಿಯುತ್ತದೆ ಎಂದು ನನ್ನ ಲೆಕ್ಕ. ತಾತ ಇಕ್ಕಳ ಹಿಡಿದುಕೊಂಡೇ ಕೂಗುತ್ತಿದ್ದರು: 'ಅಂಗಲ್ಲ ಕಣಮ್ಮಿ, ಇದ್ಲೆಲ್ಲಾ ಆರೋಯ್ತದೆ. ಇಂಗೆ, ಮೆತ್ಗೆ. ನಿದ್ದೆ ಹೋಗಿರೋನು ಉಸ್ರು ಬುಡ್ತಾನಲ್ಲಾ, ಅಂಗೆ.' ಮೆತ್ತಗೆ ಒತ್ತುತ್ತ ಒತ್ತುತ್ತ ನನಗೇ ನಿದ್ದೆ ಬಂದು, ಬೆಂಕಿ ಆರಿ, ಕುಡುಗೋಲು ತಣ್ಣಗಾಗಿ, ಅದನ್ನು ತಟ್ಟಿಸಲು ಬಂದ ಹೆಂಗಸು 'ನಿಮ್ ಮೊಮ್ಮಗ್ಳು ಒಳ್ಳೆ ಕಮ್ಮಾರ್ತಿ ಬುಡಿ' ಎಂದು ನಕ್ಕಿದ್ದಳು. ರಾಗಿ ಅಂಬಲಿಯ ಚೊಂಬು ಹಿಡಿದು ಬಂದ ಅಜ್ಜಿ ನನ್ನ ಪರ ವಹಿಸಿ ಅವಳ ಮೇಲೆ ಜಗಳಕ್ಕೆ ನಿಂತರು. ಅದೆಲ್ಲ ಇರಲಿ. ಎಲ್ಲಿಯ ಕುಲುಮೆ, ಎಲ್ಲಿಯ ಮೀನು! ಹೇಳಲು ಹೊರಟಿದ್ದು ಒಂದು ಭಾನುವಾರದ ಮಧ್ಯಾಹ್ನದ ಕಥೆ.

ಭಾನುವಾರದ ಮಧ್ಯಾಹ್ನದ ನಿದ್ದೆ ನನ್ನ ಬದುಕಿನ ಏಕಮಾತ್ರ ಆಸ್ತಿ. ಊಟ ಮುಗಿಸಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ, ಹಜಾರದಲ್ಲೇ ಚಾಪೆ ಹಾಕಿಕೊಂಡೆ. ಬುರ್‌ರ್‌ರ್. ಮಗ್ಗುಲು ಬದಲಿಸಿದೆ. ಬುರ್‌ರ್‌ರ್. ಎದ್ದು ಹೋಗಿ ಪಂಪಿನ ಪ್ಲಗ್ಗು ಕಿತ್ತು ಬಂದು ಮಲಗಿದೆ. ಆಹಾ, ಆ ನಿಶ್ಶಬ್ದ! ಕಣ್ಣು ಎಳೆಯುತ್ತಿತ್ತು.

'ಆಕು.'

ಯಾರೋ ಬಾಗಿಲಲ್ಲಿ ನಿಂತು ಹೇಳಿದರು ಎಂದುಕೊಂಡೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

'ಗಾಳಿ ಆಕು.'

ಇವರು ನನ್ನನ್ನೇ ನೋಡುತ್ತಿದ್ದರು. ಬಾಯಿಯ ಒಂದು ತುದಿ ಕೆಳಗೆ ಇಳಿದಿತ್ತು. ನನಗೆ ಸಂತೋಷವಾಗಬೇಕಿತ್ತು ಎಂದು ನೀವು ಹೇಳುತ್ತೀರಿ. ಓದುವವರಿಗೆ ಹಾಗೆನ್ನಿಸುವುದು ಸಹಜ. ನಿದ್ದೆಗೆಟ್ಟವಳಿಗೆ ಬಂದದ್ದು ಸಿಟ್ಟು.

'ಒಂದರ್ಧ ಗಂಟೆ ಮಲಗ್ತೀನಿ ರೀ. ಆಮೇಲೆ ಹಾಕ್ತೀನಿ.'

'ಸಾಯ್ತವೆ.'

'ಅರ್ಧ ಗಂಟೆಗೆಲ್ಲ ಸಾಯಲ್ಲ.'

'ಸಾಯ್ತವೆ ಕಣೇ.'

'ಕಣೇ' ಸರಿಯಾಗಿ ಬರಲಿಲ್ಲ. 'ಗಣೇ' ಎಂದೋ 'ಹಣೇ' ಎಂದೋ ಕೇಳಿತು. ಆದರೆ ಅದು 'ಕಣೇ'ಯೇ. ಮದುವೆಯಾದಂದಿನಿಂದ ಪ್ರತಿ ಮಾತಿನ ಬಾಲಕ್ಕೂ ಅಂಟಿಕೊಂಡು ಬರುತ್ತಿದ್ದ ಆ ಎರಡಕ್ಷರ ಆಸ್ಪತ್ರೆಯ ದಿನಗಳಿಂದ ಈ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಅದು ಇಲ್ಲದಿರುವುದು ಕೂಡ ನನಗೆ ಗೊತ್ತಾಗಿರಲಿಲ್ಲ, ಅಷ್ಟು ದಣಿದಿದ್ದೆ. ಎದ್ದು ಹೋಗಿ ಪ್ಲಗ್ಗು ಹಾಕಿದೆ. ಆಮೇಲೆ ಬಚ್ಚಲಮನೆಗೆ ಹೋಗಿ ಮುಖ ತೊಳೆದುಕೊಂಡೆ. ಸ್ವಲ್ಪ ಹೆಚ್ಚೇ ಹೊತ್ತು ತೊಳೆದೆ.

ಮರುದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಸುಧಾಮಣಿಯವರನ್ನು ಕೇಳಿದೆ. ಅವರು ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ನೀರು ಹಾಕಿ ಅಲ್ಲಾಡಿಸಿ ತೋರಿಸಿದರು. ಗುಳ್ಳೆಯೊಳಗಿನ ಗಾಳಿಯನ್ನು ಮೀನು ಕುಡಿಯುವುದಿಲ್ಲವಂತೆ. ಗುಳ್ಳೆ ಮೇಲೆ ಬಂದು ಒಡೆಯುವಾಗ ನೀರಿನ ಮೈ ಕದಲುತ್ತದೆ, ಕದಲಿದ ನೀರಿಗೆ ಹೊರಗಿನ ಗಾಳಿ ಬೆರೆಯುತ್ತದೆ. ಅಷ್ಟೇ ಅದರ ಉಪಕಾರವಂತೆ. ನೀರು ಕಾದರೆ ಅದರಲ್ಲಿ ಗಾಳಿ ನಿಲ್ಲುವುದು ಕಡಿಮೆಯಂತೆ. ಪಂಪಿನ ಸದ್ದಿಗೆ ಏನಾದರೂ ಉಪಕಾರವಿದೆಯೇ ಎಂದು ಕೇಳಿದೆ. 'ಅದು ನಿಮ್ಮ ಕರ್ಮ' ಎಂದು ಡಬ್ಬಿ ಮುಚ್ಚಿದರು.

ಸಂಜೆ ಬಂದು ಇವರ ಮುಂದೆ ಈ ಪಾಠ ಒಪ್ಪಿಸಿದೆ. ಕೇಳಿಸಿಕೊಂಡು ಇವರು ಹೇಳಿದರು: 'ಅಂಗಾರೆ, ಯಾರು ಕದಲ್ಸೋರು? ನೀನಾ?'

ಅದೂ ತೊದಲೇ. ಅರ್ಥಮಾಡಿಕೊಳ್ಳಲು ನಾನು ಎರಡು ಸಲ ಕೇಳಬೇಕಾಯಿತು, ಎರಡನೆಯ ಸಲ ಇವರಿಗೆ ಸಿಟ್ಟು ಬಂದು ಎಡಗೈಯಿಂದ ಕುರ್ಚಿಯ ಕೈ ಗುದ್ದಿದರು. ಆದರೂ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ವಿಷಯಕ್ಕೆ ಜಗಳ. ನಾನು ಪ್ಲಗ್ಗು ಕೀಳುವುದು, ಇವರು 'ಆಕು' ಎನ್ನುವುದು. ಕೆಲವು ಸಲ ನಿಜವಾಗಿ ತಲೆನೋವಿಗೆ ಕೀಳುತ್ತಿದ್ದೆ, ಕೆಲವು ಸಲ ಜಗಳ ಬೇಕಾಗಿಯೇ ಕೀಳುತ್ತಿದ್ದೆ. ಯಾವುದು ಯಾವಾಗ ಎಂದು ಈಗ ಕೇಳಿದರೆ ಹೇಳಲಾರೆ. ಜಗಳ ಉದ್ದವಾಗುತ್ತ ಹೋಯಿತು. 'ಬೆಳಗ್ಗೆ ಬಾಯ್ ಬುಡ್ತಿದ್ವು', 'ಆ ಬಿಳೀದು ಉಣ್ಣಾಕಿಲ್ಲ', 'ನಯಾಜು ಮೋಸ ಮಾಡವ್ನೆ, ಮೀನ್ ಜಾಸ್ತಿ.' ಹೀಗೆ ಮೀನಿನ ಸಂಸಾರದ ಸುದ್ದಿಯೆಲ್ಲ ನನಗೆ ಗೊತ್ತಾಗತೊಡಗಿತು. ಆದರೆ ಹೊರಗಿನವರು ಯಾರಾದರೂ ಬಂದರೆ ಮತ್ತೆ ಹೂಂ, ಊಹೂಂ. ಬಂದವರ ಕಣ್ಣು ನನ್ನ ಕಡೆಗೆ, ನಾನು ಹಾಜರಿ ಕೂಗುವುದು.

ಬೇಸಿಗೆ ಬಂತು. ಈ ಕಡೆಯ ಏಪ್ರಿಲ್ ಹೇಗಿರುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ನಾಲೆಯಲ್ಲಿ ನೀರು ನಿಂತ ಮೇಲೆ ಗಾಳಿಯೂ ನಿಂತ ಹಾಗಿರುತ್ತದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ತಲೆಯ ಮೇಲೆ ಸೆರಗು ಹೊದ್ದುಕೊಂಡು ಮನೆ ತಲುಪಿದೆ. ಹಗಲಲ್ಲಿ ಇವರನ್ನು ನೋಡಿಕೊಳ್ಳಲು ಬರುವ ಪುಟ್ಟಮ್ಮ ಜಗಲಿಯ ಮೇಲೇ ಸಿಕ್ಕಳು.

'ಬೆಳಗ್ಗೆಯಿಂದ ಕರೆಂಟಿಲ್ಲ ಮೇಡಮ್ಮೋರೆ. ಆಚಾರ್ರು ನನ್ ಮಾತು ಕೇಳ್ತಿಲ್ಲ. ನಾನೆಷ್ಟ್ ಹೇಳಿದ್ರೂ ಕೂರಾಕಿಲ್ಲ ಅಂತಾವ್ರೆ.'

ಒಳಗೆ ಹೋದೆ. ಇವರು ನಿಂತಿದ್ದರು. ಊರುಗೋಲು ನೆಲದ ಮೇಲೆ ಬಿದ್ದಿತ್ತು. ಹಲಸಿನ ಮೇಜಿಗೆ ಸೊಂಟ ಆನಿಸಿಕೊಂಡು, ಎಡಗೈಯಲ್ಲಿ ಸ್ಟೀಲು ಲೋಟ ಹಿಡಿದು, ತೊಟ್ಟಿಯ ನೀರನ್ನು ಮೊಗೆದು ಮೇಲಿನಿಂದ ಹೊಯ್ಯುತ್ತಿದ್ದರು. ಮೊಗೆಯುವುದು, ಎತ್ತುವುದು, ಹೊಯ್ಯುವುದು. ಅಂಗಿ ಪೂರ್ತಿ ಒದ್ದೆ, ಬೆವರೋ ನೀರೋ ಗೊತ್ತಾಗುತ್ತಿರಲಿಲ್ಲ. ಮೀನುಗಳೆಲ್ಲ ಮೇಲಕ್ಕೆ ಬಂದು, ದುಂಡನೆಯ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಎರಡು ಆಗಲೇ ಮಗ್ಗುಲಾಗಿ ತೇಲುತ್ತಿದ್ದವು. ನಾನು ಲೋಟಕ್ಕೆ ಕೈ ಚಾಚಿದೆ.

'ಕೊಡಿ, ನಾನು ಹಾಕ್ತೀನಿ. ನೀವು ಕೂತ್ಕೊಳಿ.'

'ನೀನು... ಇನ್ನೊಂದು ತತ್ತಾ.'

ಇನ್ನೊಂದು ಲೋಟ ತಂದೆ. ಇಬ್ಬರೂ ಅಕ್ಕಪಕ್ಕ ನಿಂತು ಹೊಯ್ದೆವು. ಬರಬರುತ್ತ ಇವರ ಎಡಗೈ ಸೋತಿತು. ಆಗ ಇವರು ಲೋಟದ ತಳಕ್ಕೆ ಬಲಗೈ ಕೊಟ್ಟರು. ಎಡಗೈಯಿಂದ ಆ ಬಲಗೈಯನ್ನು ಎತ್ತಿ, ಲೋಟದ ಅಡಿ ಸೇರಿಸಿ, ಎರಡರಿಂದಲೂ ಎತ್ತಿದರು. ಬೆರಳುಗಳು ಪೂರ್ತಿ ಮಡಚಲಿಲ್ಲ. ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು. ನಾನು ಆ ಕಡೆ ನೋಡಲಿಲ್ಲ. ನೋಡಿದರೆ ಬಿಟ್ಟುಬಿಡುತ್ತಾರೇನೋ ಎಂದು ಭಯ. ಬಾಗಿಲಲ್ಲಿ ನಿಂತಿದ್ದ ಪುಟ್ಟಮ್ಮನಿಗೂ ಕಣ್ಣಲ್ಲೇ ಸುಮ್ಮನಿರು ಎಂದೆ.

ಕರೆಂಟು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬುರ್‌ರ್‌ರ್ ಎಂದಾಗ ಪುಟ್ಟಮ್ಮ ಕೈಮುಗಿದಳು. ಉಳಿದ ಮೀನುಗಳು ನಿಧಾನವಾಗಿ ಕೆಳಗೆ ಇಳಿದವು. ಇವರು ಕುರ್ಚಿಯಲ್ಲಿ ಕುಸಿದು ಕೂತು, ಏದುಸಿರು ಬಿಡುತ್ತ, 'ಮೀನು ಕಮ್ಮಿ ಮಾಡ್ಬೇಕು' ಎಂದರು. ಸ್ವಲ್ಪ ತಡೆದು, 'ವಾಪಸ್ ಕೊಡಾಣ' ಎಂದರು. ಮತ್ತೆ ತಡೆದು, 'ನಾನೂ ಬತ್ತೀನಿ' ಎಂದರು.

ಆ ಮೂರನೆಯ ಮಾತು ನನಗೆ ಬೇಕಾಗಿತ್ತು ಎಂದು ನೀವು ಊಹಿಸಿದರೆ ತಪ್ಪು. ಆಸ್ಪತ್ರೆಯಿಂದ ಬಂದ ಮೇಲೆ ಇವರು ಡಾಕ್ಟರ ಹತ್ತಿರ ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ. ಕರೆದುಕೊಂಡು ಹೋಗುವುದೆಂದರೆ ಆಟೋ ಗೊತ್ತುಮಾಡುವುದು, ಅಂಗಿ ಹಾಕಿಸುವುದು, ಮೆಟ್ಟಿಲು ಇಳಿಸುವುದು, ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ ನಾನು ಉತ್ತರ ಕೊಡುವುದು. ಕಾಲು ನೋಯುತ್ತಿತ್ತು. ನಾಳೆ ಭಾನುವಾರ, ನನ್ನ ನಿದ್ದೆಯ ದಿನ. ಆದರೂ ಹೂಂ ಎಂದೆ.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮುಚ್ಚಳದ ಬಕೆಟ್ಟಿಗೆ ನೀರು ತುಂಬಿ, ಬದುಕಿದ್ದ ಗೋಲ್ಡ್ ಫಿಶ್ಶುಗಳನ್ನೆಲ್ಲ ಬಿಟ್ಟುಕೊಂಡು ಆಟೋ ಹತ್ತಿದೆವು. ಬಕೆಟ್ಟನ್ನು ಇವರು ಎರಡು ಮಂಡಿಗಳ ನಡುವೆ ಇಟ್ಟುಕೊಂಡರು. ಹಂಪು ಬಂದಾಗಲೆಲ್ಲ 'ಮೆತ್ಗೆ' ಎಂದು ಆಟೋದವನಿಗೆ ಹೇಳುತ್ತಿದ್ದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ಮೆತ್ತಗೆ ಓಡಿಸಿದ.

ನಯಾಜ್ ಓಡಿಬಂದು ಇವರ ತೋಳು ಹಿಡಿದು ಇಳಿಸಿ, ಅಂಗಡಿಯೊಳಗೆ ಕುರ್ಚಿ ಹಾಕಿದರು. 'ಆಚಾರ್ರೆ, ನೀವೇ ಬಂದ್ರಾ! ಅಲ್ಲಾ ಒಳ್ಳೇದ್ ಮಾಡ್ದ.' ಬಕೆಟ್ಟಿನ ಮುಚ್ಚಳ ತೆಗೆದಾಗ ಅವರ ಸಂತೋಷ ಸ್ವಲ್ಪ ಇಳಿಯಿತು. ಆದರೂ ಮೀನು ವಾಪಸು ತೆಗೆದುಕೊಂಡು, ಬದಲಿಗೆ ಒಂದಷ್ಟು ಗಪ್ಪಿ ಮೀನು ಕೊಡಲು ಒಪ್ಪಿದರು. ಗಪ್ಪಿ ಎಂದರೆ, ಸೊಳ್ಳೆ ಕಾಟಕ್ಕೆಂದು ನೀರಿನ ತೊಟ್ಟಿಗಳಿಗೆ ಬಿಡುತ್ತಾರಲ್ಲ, ಆ ಬೆರಳುದ್ದವೂ ಇಲ್ಲದ, ಕಡಿಮೆ ಗಾಳಿಯಲ್ಲೂ ಬದುಕುವ ಮೀನು. ಯಾವುದು ಬೇಕು ಎಂದು ಇವರು ಬೆರಳು ತೋರಿಸಿ ಆರಿಸುತ್ತಿದ್ದರು. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಆಗ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಪ್ರಾಯದವರು, ಹೊಸದಾಗಿ ತೊಟ್ಟಿ ಕೊಳ್ಳಲು ಬಂದವರು. ತೊಟ್ಟಿ ಒಪ್ಪಿಗೆಯಾಯಿತು, ಮೀನು ಒಪ್ಪಿಗೆಯಾಯಿತು. ಹೆಂಡತಿ ಕೇಳಿದಳು: 'ಅಣ್ಣ, ಈ ಗಾಳಿ ಪಂಪು ಹಾಕ್ಲೇಬೇಕಾ? ತುಂಬಾ ಸೌಂಡ್ ಬರುತ್ತಂತಲ್ಲ?'

'ಬಿಲ್ಕುಲ್ ಬೇಕಮ್ಮ. ಇದಿಲ್ದೆ ಮೀನು...'

'ಬ್ಯಾಡ.'

ಎಲ್ಲರೂ ತಿರುಗಿದರು. ಕುರ್ಚಿಯಲ್ಲಿ ಕೂತ ಇವರು ಆ ಹುಡುಗಿಯ ಕಡೆ ಕತ್ತು ಚಾಚಿದ್ದರು. ಆಮೇಲೆ ಒಂದು ದೊಡ್ಡ ಮಾತು ಶುರುಮಾಡಿದರು. ಬಾಯಿ ಓರೆಯಾಗುತ್ತಿತ್ತು, ಕೆಲವು ಪದ ಒಳಗೇ ಸಿಕ್ಕಿಕೊಳ್ಳುತ್ತಿತ್ತು, ತುಟಿಯ ತುದಿಯಲ್ಲಿ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲು ಕೂಡ ನಿಲ್ಲಿಸಲಿಲ್ಲ. ಎಡಗೈಯನ್ನು ಮೊದಲು ಮೇಲೆ ಕೆಳಗೆ ಆಡಿಸಿ ಬೇಡ ಎಂದು ತೋರಿಸಿದರು, ಆಮೇಲೆ ಅಡ್ಡಕ್ಕೆ ಅಗಲಿಸಿದರು. ನನಗೆ ಎಲ್ಲ ತಿಳಿಯಿತು. ಮೀನು ಜಾಸ್ತಿ ತುಂಬಿದರೆ ಬೇಕು, ಕಡಿಮೆ ಇದ್ದರೆ ಬೇಡ. ತೊಟ್ಟಿಯ ಎತ್ತರ ನೋಡಬೇಡ, ಅಗಲ ನೋಡು. ಗಾಳಿ ಹೊಗುವುದು ಮೇಲುಗಡೆಯಿಂದ. ಒಳಗೆ ಸ್ವಲ್ಪ ಹಸಿರು ಗಿಡ ಬಿಡು. ಬೇಸಿಗೆಯಲ್ಲಿ ಬಿಸಿಲಿಗೆ ಇಡಬೇಡ. ಬೆಳಿಗ್ಗೆ ಎದ್ದವಳೇ ನೋಡು, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಾತ್ರ ಯೋಚನೆ ಮಾಡು.

ಹುಡುಗಿ ಪೂರ್ತಿ ಕೇಳಿದಳು. ಅರ್ಥವಾಗಲಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಗಂಡ ನನ್ನ ಕಡೆ ತಿರುಗಿ, 'ಏನಂದ್ರು ಮೇಡಂ?' ಎಂದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ದಿನಗಳ ಅಭ್ಯಾಸ! ಇವರು ನನ್ನ ಕಡೆ ನೋಡಲಿಲ್ಲ. ಹುಡುಗಿಯನ್ನೇ ನೋಡುತ್ತ, ತುಟಿ ಒತ್ತಿ ಹಿಡಿದು ಕೂತಿದ್ದರು. ಹಿಂದೊಮ್ಮೆ ಬಾಯಿ ಮುಚ್ಚಿಕೊಂಡ ದಿನವೂ ಹೀಗೇ ಕೂತಿದ್ದರು.

'ಅವರನ್ನೇ ಕೇಳಿ' ಎಂದೆ.

ಆಮೇಲೆ ಆ ಹುಡುಗಿ ಇವರ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖ ಹತ್ತಿರ ತಂದು, 'ಇನ್ನೊಂದ್ಸಲ ಹೇಳಿ ಸಾರ್, ನಿಧಾನವಾಗಿ' ಎಂದಳು.

ಇವರು ಮತ್ತೆ ಶುರುಮಾಡಿದರು. ಎರಡನೆಯ ಸಲ ಇನ್ನೂ ಉದ್ದವಾಯಿತು. ಹುಡುಗಿ 'ಅಗಲ ಅಂದ್ರಾ? ಹೂಂ, ಗೊತ್ತಾಯ್ತು. ಆಮೇಲೆ?' ಎನ್ನುತ್ತಿದ್ದಳು. ಅವಳು ತಪ್ಪು ತಿಳಿದುಕೊಂಡ ಕಡೆ ಇವರು ಕೈ ಆಡಿಸಿ, ತಿದ್ದಿ, ಮುಂದುವರಿದರು. ನಡುವೆ ಇವರೇ ಆ ಗಂಡ ಹೆಂಡತಿಯನ್ನು ಯಾವ ಊರು, ಮನೆಯ ಬಾಗಿಲು ಯಾವ ಮರದ್ದು ಎಂದೂ ಕೇಳಿದರು. ನಯಾಜ್ ತಲೆಯ ಮೇಲೆ ಕೈಹೊತ್ತು, 'ಆಚಾರ್ರೆ, ನಿಮ್ ದಮ್ಮಯ್ಯ, ನನ್ ಯಾಪಾರ ಕೆಡುಸ್ಬ್ಯಾಡಿ' ಎಂದು ನಗುತ್ತಿದ್ದರು.

ಹೊರಗೆ ಆಟೋದವನು ಹಾರನ್ ಹೊಡೆದ. ಅವಸರವಿಲ್ಲ ಇರಪ್ಪಾ ಎಂದು ಕೈ ತೋರಿಸಿ, ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ.